ಹೃದಯದ ಹೊರಬಾಗಿಲು

೨೦೨೫ನೆಯ ಇಸವಿಯ ಮೇ ತಿಂಗಳ ಕಡೆಯಿಂದ ಜೂನ್ ಮುಗಿಯುವುದರೊಳಗಾಗಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಮೀರಿದ ಮಂದಿ ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡರೆಂಬ ವರ್ತಮಾನವು ಹಬ್ಬಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಮನೆಯಲ್ಲಿಯೂ ಭೀತಿಯನ್ನುಂಟುಮಾಡಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಜನರು ಕಿಕ್ಕಿರಿದರು. ಡಾಕ್ಟರ್ ಕೆ. ಎಸ್. ರವೀಂದ್ರನಾಥರ ನೇತೃತ್ವದ ಸಮಿತಿಯು ವಿಚಾರಣೆ ನಡೆಸಿ, ಇಂತಹ ಮರಣಗಳು ಹಿಂದಿಗಿಂತ ಅಸಾಧಾರಣವಾಗಿ ಹೆಚ್ಚಿಲ್ಲವೆಂದು ವರದಿಯಿತ್ತ ಮೇಲೆ ಗಾಬರಿಯು ತಕ್ಕಮಟ್ಟಿಗೆ ಇಳಿಯಿತು.

ಆ ಸುದ್ದಿಯನ್ನು ಓದಿದವರ ಎದೆಯೂ ಡವಡವನೆ ಬಡಿದುಕೊಂಡಿತಷ್ಟೆ. ಕಣ್ಣು ಕಂಡ ಅಕ್ಷರಕ್ಕೆ ಎದೆಯು ಬಡಿಯುವುದೆಂತು? ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳು ಭಯವಾದೊಡನೆ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅದು ಹೃದಯವನ್ನು ಮುಟ್ಟುತ್ತದೆ; ಆದರೆ ಅಲ್ಲಿಯ ಜೀವಕೋಶದೊಳಕ್ಕೆ ಕಾಲಿಡುವುದಿಲ್ಲ. ಜೀವಕೋಶದ ಸುತ್ತಲೂ ಇರುವ ಕೊಬ್ಬಿನ ತೆಳುಪೊರೆಯು ಈ ದೂತನಿಗೆ ಎಡೆಗೊಡದು. ಆ ಪೊರೆಯ ಮೂಲಕ ಏಳು ಸಲ ಹೊಲಿದ ದಾರದಂತೆ ಹಾದಿರುವ ಪ್ರೋಟೀನೊಂದುಂಟು, ಇದೇ ಗ್ರಾಹಕ. ‘ಗ್ರಹ್’ ಧಾತುವಿನಿಂದ ಬಂದ ಈ ಶಬ್ದವನ್ನು ಪೇಟೆಯವರು ಕೊಳ್ಳುವವನೆಂಬ ಅರ್ಥದಲ್ಲಿ ಬಳಸಿ ಸವೆಯಿಸಿದ್ದಾರೆ. ಇಲ್ಲಿ ಹಿಡಿಯುವುದೆಂಬ ಮೂಲಾರ್ಥವೇ ಸರಿ. ದೂತನನ್ನು ಹೊರಗಡೆಯೇ ಹಿಡಿದ ಗ್ರಾಹಕವು ತನ್ನ ಆಕಾರವನ್ನು ಕೊಂಚ ಬದಲಿಸಿಕೊಳ್ಳಲು, ಅದರ ಒಳತುದಿಯೂ ಸರಿಯುತ್ತದೆ. ಒಳಗೆ ಹೋಗುವ ಸಂದೇಶವು ಅಷ್ಟೇ.

ಒಳಗಡೆ ಕಾದಿರುವ ಜಿ-ಪ್ರೋಟೀನು ಆಗ ಎಚ್ಚೆತ್ತು ಒಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುವುದು. ಆ ಕಿಣ್ವವು ಸೈಕ್ಲಿಕ್ ಎಎಂಪಿ ಎಂಬ ಎರಡನೆಯ ದೂತನನ್ನು ರಾಶಿರಾಶಿಯಾಗಿ ಸಿದ್ಧಪಡಿಸುವುದು. ಅವನು ಬೇರೊಂದು ಕಿಣ್ವವನ್ನು ಎಬ್ಬಿಸಲು, ಕ್ಯಾಲ್ಸಿಯಂ ಒಳಹರಿಯುವ ದ್ವಾರಗಳು ತೆರೆದು, ಹೃದಯದ ಮಾಂಸವು ಬಲವಾಗಿಯೂ ಬೇಗಬೇಗನೆಯೂ ಸಂಕೋಚಗೊಳ್ಳುವುದು. ಗೊರೂರಿನ ಅಣೆಕಟ್ಟಿನಲ್ಲಿ ಬಾಗಿಲೆತ್ತಿದರೆ ಹೇಮಾವತಿಯು ನಾಲೆ ಕಾಲುವೆಗಳಾಗಿ ಕವಲೊಡೆದು ದೂರದ ಗದ್ದೆಗಳನ್ನು ಮುಟ್ಟುವಂತೆಯೇ ಇದು. ಆದರೆ ನಾಲೆಯಲ್ಲಿ ನೀರು ಹಂಚಿಹೋಗಿ ಕಡಮೆಯಾಗುತ್ತದೆ; ಇಲ್ಲಿ ಹೆಜ್ಜೆಹೆಜ್ಜೆಗೂ ಹೆಚ್ಚುತ್ತದೆ. ಎರಡನೆಯ ದೂತನನ್ನು ಕಂಡುಹಿಡಿದ ಅಮೆರಿಕದ ಸದರ್ಲ್ಯಾಂಡರಿಗೆ ೧೯೭೧ರಲ್ಲಿಯೂ, ಗ್ರಾಹಕದ ಸ್ವರೂಪವನ್ನು ಬಿಡಿಸಿ ತೋರಿಸಿದ ಲೆಫ್ಕೊವಿಟ್ಜ್, ಕೋಬಿಲ್ಕ ಎಂಬಿಬ್ಬರಿಗೆ ೨೦೧೨ರಲ್ಲಿಯೂ ನೊಬೆಲ್ ಬಹುಮಾನವು ಸಂದಿತು.

ಗ್ರಾಹಕದ ಪೀಠವನ್ನು ಬೇರೊಬ್ಬನು ಆಕ್ರಮಿಸಿ ಸುಮ್ಮನೆ ಕುಳಿತರೆ ದೂತನು ಬಂದೂ ವ್ಯರ್ಥ. ನಮ್ಮ ಬೆಳಗಿನ ಕಾಫಿಯು ಮಾಡುವುದು ಇದನ್ನೇ: ಆಯಾಸವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬುದರ ಪೀಠದಲ್ಲಿ ಕೆಫೀನು ಕುಳಿತುಬಿಡುತ್ತದೆ. ಅಡ್ರಿನಲಿನ್ನಿನ ಪೀಠದಲ್ಲಿ ಹೀಗೆ ಕುಳಿತುಕೊಳ್ಳುವ ಔಷಧಗಳನ್ನು ೧೯೬೦ರ ದಶಕದಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾಗಿ ‘ಲಾಲ್’ ಎಂದು ಮುಗಿಯುವ ಹೆಸರುಗಳನ್ನು ವಾಚಕರು ಮನೆಯ ಗುಳಿಗೆಪಟ್ಟಿಗಳ ಮೇಲೆ ಕಂಡಿರಬಹುದು.

ಇದೇ ಜಾತಿಯ ಗ್ರಾಹಕಗಳು ಶ್ವಾಸನಾಳದಲ್ಲಿದ್ದು ಅದನ್ನು ಸಡಿಲಿಸುತ್ತವೆಯಾದುದರಿಂದ, ಯಜಮಾನರ ಗುಳಿಗೆಯನ್ನು ಉಬ್ಬಸವುಳ್ಳ ಮತ್ತೊಬ್ಬರಿಗೆ ಎದೆಬಡಿತಕ್ಕೆಂದು ಕೊಡುವುದು ಅಪಾಯಕರ.

ಅದಕ್ಕಿಂತಲೂ ಹೆಚ್ಚಾಗಿ ನಾವು ಕಾಣುವ ತಪ್ಪು ಬೇರೆ. ರಕ್ತದೊತ್ತಡವು ಸರಿಹೋಯಿತೆಂದೋ, ಊರಿಗೆ ಹೋದಾಗ ಗುಳಿಗೆ ಮರೆತುಹೋಯಿತೆಂದೋ, ತಾವಾಗಿಯೇ ಬಿಟ್ಟುಬಿಡುವವರು ಬಹುಮಂದಿ. ಜೀವಕೋಶವು ಜಡವಲ್ಲ. ಬಹುದಿನ ಸಂದೇಶವು ಬಾರದಿದ್ದರೆ, ಕಿವಿಮಂದವಾದವನು ಕಿವಿಗೆ ಕೈಯೊಡ್ಡುವಂತೆ, ಅದು ಗ್ರಾಹಕಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಗುಳಿಗೆಯು ಥಟ್ಟನೆ ನಿಂತಿತೋ, ಎಂದಿನಷ್ಟೇ ಅಡ್ರಿನಲಿನ್ ಎಂದಿಗಿಂತ ಹೆಚ್ಚಾದ ಪೀಠಗಳನ್ನು ಹಿಡಿಯುತ್ತದೆ; ನಾಡಿಯು ಓಡುತ್ತದೆ, ಒತ್ತಡವು ಏರುತ್ತದೆ, ಹೃದಯದ ರಕ್ತನಾಳಗಳು ಮೊದಲೇ ಕಿರಿದಾಗಿರುವವರಿಗೆ ಹೃದಯಾಘಾತವೇ ಆಗಬಹುದು. ವೈದ್ಯರು ಈ ಗುಳಿಗೆಯನ್ನು ನಿಲ್ಲಿಸಬೇಕೆಂದಾಗಲೂ ಒಂದೆರಡು ವಾರಗಳ ಕಾಲ ಪ್ರಮಾಣವನ್ನು ತಗ್ಗಿಸುತ್ತ ಬರುತ್ತಾರೆ. ಅಷ್ಟರಲ್ಲಿ ಹೆಚ್ಚಿದ್ದ ಗ್ರಾಹಕಗಳನ್ನು ಜೀವಕೋಶವು ಒಂದೊಂದಾಗಿ ಒಳಕ್ಕೆಳೆದುಕೊಳ್ಳುತ್ತದೆ.