ತಂತಿಯ ಮೇಲಣ ಜಗತ್ತು

ಔತಣಕೂಟವೊಂದರಲ್ಲಿ ಭದ್ರತಾಧಿಕಾರಿ ಲೌಜೆ ತನ್ನ ಮಿತ್ರ, ವಿಜ್ಞಾನಿ ಸ್ಟಿಲ್ಲರನಿಗೆ ಗುಟ್ಟೊಂದನ್ನು ಹೇಳತೊಡಗುತ್ತಾನೆ. ಸ್ಟಿಲ್ಲರ್ ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಲೌಜೆ ಇಲ್ಲ. ಮುಂದೆ, ಅಂಥವನೊಬ್ಬ ಇದ್ದನೆಂಬುದೇ ಸ್ಟಿಲ್ಲರನ ಹೊರತು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಕೊಲೆಯಾದವನ ಹೆಣವಾದರೂ ಸಿಕ್ಕೀತು. ಇಲ್ಲಿ ಕಾಣೆಯಾದದ್ದು ಇರವೇ.

ರೈನರ್ ವೆರ್ನರ್ ಫಾಸ್‌ಬಿಂಡರ್ 1973ರಲ್ಲಿ ಪಶ್ಚಿಮ ಜರ್ಮನಿಯ ದೂರದರ್ಶನಕ್ಕಾಗಿ ಎರಡು ಭಾಗಗಳಲ್ಲಿ ತೆಗೆದ 'ವೆಲ್ಟ್ ಆಮ್ ಡ್ರಾಟ್' ಎಂಬ ಚಿತ್ರದ ಪ್ರಸಂಗವಿದು. ತಂತಿಯ ಮೇಲಣ ಜಗತ್ತು ಎಂದು ಅದರ ಅರ್ಥ. ಮೂಲ, ಅಮೆರಿಕದ ಡೇನಿಯಲ್ ಗಲೂಯ್ 1964ರಲ್ಲಿ ಪ್ರಕಟಿಸಿದ 'ಸಿಮ್ಯುಲಾಕ್ರಾನ್-3' ಕಾದಂಬರಿ.

ಸ್ಟಿಲ್ಲರ್ ದುಡಿಯುವ ಸಂಸ್ಥೆಯಲ್ಲಿ ಒಂದು ಗಣಕಯಂತ್ರವಿದೆ. ಅದರೊಳಗೆ ಒಂಬತ್ತು ಸಾವಿರಕ್ಕೂ ಮಿಕ್ಕ ಕೃತಕ ಜೀವಗಳು ಉಣ್ಣುತ್ತವೆ, ದುಡಿಯುತ್ತವೆ, ಪ್ರೀತಿಸುತ್ತವೆ. ತಾವು ಕೃತಕವೆಂದು ಅವಕ್ಕೆ ತಿಳಿಯದು. ನಾಳಿನ ಸಮಾಜ ಹೇಗೆ ನಡೆದುಕೊಂಡೀತೆಂದು ಇಂದೇ ಅರಿಯುವ ಉಪಾಯವಿದು. ಸರ್ಕಾರದ ಹಣದಿಂದ ನಡೆಯುವ ಈ ಯಂತ್ರದ ಮೇಲೆ ಉಕ್ಕಿನ ಕಂಪೆನಿಯೊಂದರ ಕಣ್ಣೂ ಬಿದ್ದಿದೆ. ಮಾಯಾವಾದವಲ್ಲವೆ ಇದು, ಎಂದು ನಮ್ಮವರು ಕೇಳಿಯಾರು. ಹೋಲಿಕೆ ಮೇಲುಮೇಲಿನದು. ಮಾಯೆಗೆ ಲಾಭನಷ್ಟದ ಚಿಂತೆಯಿಲ್ಲ. ಇದು ಲೆಕ್ಕಕ್ಕಾಗಿಯೇ ಹುಟ್ಟಿಸಿದ ಲೋಕ, ಲೆಕ್ಕ ಮುಗಿದರೆ ಆರಿಸಬಹುದಾದ ಲೋಕ.

ಆ ಜೀವಗಳಲ್ಲಿ ಒಬ್ಬನಿಗೆ ಮಾತ್ರ ನಿಜ ಗೊತ್ತು. ಹೊರಗಿನವರಿಗೆ ಒಳಗಿನ ಸುದ್ದಿ ಮುಟ್ಟಿಸುವುದು ಅವನ ಕೆಲಸ, ಹೆಸರು ಐನ್‌ಸ್ಟೈನ್. ಹೇಗಾದರೂ ಮೇಲೇರಿ ಮನುಷ್ಯನಾಗಬೇಕೆಂಬ ಅವನ ಹಂಬಲ ನನಗೆ ಚಿತ್ರದ ಒಗಟಿಗಿಂತ ಹಿರಿದಾಗಿ ತೋರುತ್ತದೆ. ಒಗಟನ್ನು ಊಹಿಸುವುದು ಕಷ್ಟವೇನಲ್ಲ: ಕೆಳಗೊಂದು ಲೋಕವನ್ನು ಕಟ್ಟಿದವನು ತನ್ನ ಮೇಲೇನಿದೆಯೆಂದು ಒಂದಲ್ಲ ಒಂದು ದಿನ ಕೇಳಲೇಬೇಕು.

ವೈಜ್ಞಾನಿಕ ಕಥೆಯೆಂದರೆ ಬೆರಗುಗೊಳಿಸುವ ಯಂತ್ರಗಳಿರಬೇಕಷ್ಟೆ? ಫಾಸ್‌ಬಿಂಡರ್ ಕನ್ನಡಿಗಳಿಂದಲೇ ಕೆಲಸ ಸಾಧಿಸಿದ್ದಾನೆ. ಮೈಕೇಲ್ ಬಾಲ್‌ಹೌಸನ ಕ್ಯಾಮೆರಾ ಗಾಜಿನಿಂದ ಗಾಜಿಗೆ ಸುಳಿಯುತ್ತದೆ; ಮುಖವಾವುದು, ಪ್ರತಿಬಿಂಬವಾವುದು ಎಂದು ನೋಡುವವನಿಗೇ ತಬ್ಬಿಬ್ಬು. ಸುತ್ತಣ ಜನ ಅಂಗಡಿಯ ಬೊಂಬೆಗಳಂತೆ ನಿಂತು ದಿಟ್ಟಿಸುತ್ತಾರೆ. ನಾಳಿನ ನಗರವನ್ನು ತೋರಿಸಲು ಪ್ಯಾರಿಸಿನ ಹೊಸ ಕಟ್ಟಡಗಳೇ ಸಾಕಾದವು.

ಪ್ರಸಾರದ ಅನಂತರ ಚಿತ್ರ ಬಹುಕಾಲ ಮರೆಯಾಗಿತ್ತು. ಅದೇ ಕಾದಂಬರಿಯಿಂದ 1999ರಲ್ಲಿ ಬಂದ 'ದಿ ಥರ್ಟೀನ್ತ್ ಫ್ಲೋರ್' ಎಂಬ ಅಮೆರಿಕನ್ ಚಿತ್ರವೂ, ಕೆಲವೇ ವಾರ ಮೊದಲು ತೆರೆಕಂಡ 'ದಿ ಮೇಟ್ರಿಕ್ಸ್'ನ ಅಬ್ಬರದಲ್ಲಿ ಅಡಗಿಹೋಯಿತು. ಬಾಲ್‌ಹೌಸನ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರಗೊಂಡ ಜರ್ಮನ್ ಪ್ರತಿ 2010ರ ಬರ್ಲಿನ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಮೂರೂವರೆ ಗಂಟೆಯಷ್ಟು ದೀರ್ಘವಾದ ಚಿತ್ರ; ಮೊದಲ ಭಾಗ ತುಸು ನಿಧಾನ. ಲೌಜೆ ಕಾಣೆಯಾಗುವವರೆಗಾದರೂ ತಾಳ್ಮೆಯಿಂದ ಕುಳಿತರೆ ಆಮೇಲೆ ಏಳುವ ಮನಸ್ಸಾಗದು.