ಆಟಗಾರರೇ ಬರೆದ ಕಥೆಗಳಿಗೆ ಅಂಕ ಹಾಕುವುದು ಹೇಗೆ?

ಎರಡು ಕಥೆಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಮೊದಲನೆಯದನ್ನು ಮೂವರು ನೋಡಿದ್ದಾರೆ. ಮೂವರೂ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರೆ. ಎರಡನೆಯದನ್ನು 120 ಮಂದಿ ನೋಡಿದ್ದಾರೆ. ಅವರು ಕೊಟ್ಟ ನಕ್ಷತ್ರಗಳ ಸರಾಸರಿ 4.4. ನಿಮಗೆ ಒಂದನ್ನು ನೋಡುವಷ್ಟು ಮಾತ್ರ ಸಮಯವಿದೆ. ಯಾವುದನ್ನು ಆರಿಸುತ್ತೀರಿ? ಬರಿಯ ಸರಾಸರಿಯ ಪ್ರಕಾರ ಪಟ್ಟಿ ಮಾಡುವ ಗಣಕವಾದರೆ ಹಿಂದೆ ಮುಂದೆ ನೋಡದೆ ಮೊದಲನೆಯದನ್ನೇ ಮೇಲಿಡುತ್ತದೆ. ಅದು ಸರಿಯೇ?

ಈ ಪ್ರಶ್ನೆ 2009ರಲ್ಲಿ ಒಂದು ಗಣಕ ಆಟದಲ್ಲಿ ಸಾವಿರಾರು ಹವ್ಯಾಸಿ ಲೇಖಕರನ್ನು ಕಾಡಿತು. ಆಟದ ಹೆಸರು ‘ಸಿಟಿ ಆಫ್ ಹೀರೋಸ್’. ಅಮೆರಿಕದ ಕ್ರಿಪ್ಟಿಕ್ ಸ್ಟುಡಿಯೋಸ್ ಇದನ್ನು ನಿರ್ಮಿಸಿತು. ದಕ್ಷಿಣ ಕೊರಿಯಾದ ಎನ್‌ಸಿಸಾಫ್ಟ್ 2004ರ ಏಪ್ರಿಲ್‌ನಲ್ಲಿ ಇದನ್ನು ಹೊರತಂದಿತು. ಅಂತರಜಾಲದ ಮೂಲಕ ಸಾವಿರಾರು ಜನ ಒಂದೇ ಕಾಲದಲ್ಲಿ ಆಡುವ ಆಟ ಇದು. ಪ್ರತಿಯೊಬ್ಬರೂ ತಮಗಿಷ್ಟವಾದ ಉಡುಗೆ ಮತ್ತು ಶಕ್ತಿಗಳುಳ್ಳ ಮಹಾವೀರನೊಬ್ಬನನ್ನು ಸೃಷ್ಟಿಸಿಕೊಂಡು, ‘ಪ್ಯಾರಗನ್ ಸಿಟಿ’ ಎಂಬ ಕಲ್ಪನೆಯ ನಗರದಲ್ಲಿ ದುಷ್ಟರೊಡನೆ ಹೋರಾಡಬೇಕು. ಹೋರಾಟಗಳು ‘ಮಿಷನ್’ ಎಂಬ ಘಟಕಗಳಲ್ಲಿ ಬರುತ್ತವೆ. ಹಲವು ಮಿಷನ್‌ಗಳು ಸೇರಿದರೆ ಒಂದು ಕಥಾಸರಣಿ.

ಇಂಥ ಆಟಗಳಿಗೆ ಒಂದು ಸಂಕಟ ತಪ್ಪಿದ್ದಲ್ಲ. ಹತ್ತಾರು ನಿರ್ಮಾಪಕರು ತಿಂಗಳುಗಟ್ಟಲೆ ಕುಳಿತು ಬರೆದ ಕಥೆಯನ್ನು ಆಟಗಾರರು ಕೆಲವೇ ದಿನಗಳಲ್ಲಿ ಮುಗಿಸಿ ‘ಮುಂದೇನು?’ ಎಂದು ಕೇಳುತ್ತಾರೆ. ಬರೆಯುವ ಕೆಲಸವನ್ನು ಆಟಗಾರರಿಗೇ ಬಿಟ್ಟುಕೊಟ್ಟರೆ ಹೇಗೆ? 2009ರ ಏಪ್ರಿಲ್ 8ರಂದು ಸೇರಿಸಿದ ‘ಮಿಷನ್ ಆರ್ಕಿಟೆಕ್ಟ್’ ಎಂಬ ಸಾಧನ ಇದಕ್ಕೆ ಉತ್ತರವಾಗಿತ್ತು. ಒಂದು ಸರಣಿಯಲ್ಲಿ ಹೆಚ್ಚೆಂದರೆ 5 ಮಿಷನ್‌ಗಳು. ಮೊದಲಿಗೆ ಒಬ್ಬರು ಪ್ರಕಟಿಸಬಹುದಾಗಿದ್ದದ್ದು 3 ಸರಣಿಗಳು. ಸ್ಥಳವನ್ನು ಸಿದ್ಧ ನಕ್ಷೆಗಳಿಂದ ಆರಿಸಿಕೊಳ್ಳಬೇಕು. ಖಳನ ರೂಪ, ಅವನ ಶಕ್ತಿ, ಅವನ ಕಾವಲುಗಾರರು ಆಡಿಕೊಳ್ಳುವ ಮಾತು, ಬಿಡಿಸಬೇಕಾದ ಒತ್ತೆಯಾಳು, ಹುಡುಕಬೇಕಾದ ಸುಳಿವು ಎಲ್ಲವೂ ಲೇಖಕನ ಕೈಯಲ್ಲಿ. ಖಳನ ಬಲ ಅರ್ಧಕ್ಕೆ ಇಳಿದಾಗ ಅವನು ಏನು ಹೇಳಬೇಕೆಂಬುದನ್ನು ಕೂಡ ಬರೆದಿಡಬಹುದಿತ್ತು. ಕ್ರಮವಿಧಿ ಬರೆಯಲು ಬಾರದವರೂ ಕಥೆ ಕಟ್ಟುವಂತಾಯಿತು. ಕಥೆ ಆಡಿ ಮುಗಿಸಿದವರು ಅದಕ್ಕೆ 1ರಿಂದ 5 ನಕ್ಷತ್ರ ಕೊಡಬಹುದಿತ್ತು. ಬೇಕಿದ್ದರೆ ಲೇಖಕನಿಗೆ ನಾಲ್ಕು ಮಾತು ಬರೆಯಬಹುದು.

ಸಾವಿರಾರು ಕಥೆಗಳು ಬಂದು ಬಿದ್ದವು. ಕಥೆಯೊಂದನ್ನು ಆಡಿ ಮುಗಿಸಲು ಒಂದೆರಡು ಗಂಟೆ ಬೇಕು. ಎಲ್ಲವನ್ನೂ ಆಡಿ ನೋಡುವುದು ಯಾರಿಂದಲೂ ಆಗದ ಕೆಲಸ. ಹೀಗಾಗಿ ಪಟ್ಟಿಯ ಮೊದಲ ಪುಟದಲ್ಲಿ ಯಾವುದು ನಿಲ್ಲುತ್ತದೆ ಎಂಬುದೇ ಕಥೆಯ ಅಳಿವು ಉಳಿವನ್ನು ನಿರ್ಧರಿಸತೊಡಗಿತು. ವಾರಗಟ್ಟಲೆ ರಾತ್ರಿ ಕುಳಿತು ಬರೆದ ಕಥೆ ನೂರನೆಯ ಪುಟದಲ್ಲಿದ್ದರೆ ಅದನ್ನು ತೆರೆದು ನೋಡುವವರು ಯಾರು?

ಸರಾಸರಿಯ ಮೋಸ

ಈಗ ಸ್ವಲ್ಪ ಲೆಕ್ಕ ಮಾಡೋಣ. 10,000 ಕಥೆಗಳಿವೆ, ಎಲ್ಲವೂ ಒಂದೇ ಮಟ್ಟದವು ಎಂದು ಭಾವಿಸಿ. ಯಾವುದೇ ಆಟಗಾರ 5 ನಕ್ಷತ್ರ ಕೊಡುವ ಸಂಭವನೀಯತೆ 0.4 ಇರಲಿ. ಒಂದು ಕಥೆಯನ್ನು ಮೂವರು ಮಾತ್ರ ನೋಡಿದ್ದರೆ, ಮೂವರೂ 5 ಕೊಡುವ ಸಂಭವನೀಯತೆ 0.4 × 0.4 × 0.4, ಅಂದರೆ 0.064. ಪ್ರತಿ ಕಥೆಗೂ ಮೂರೇ ಮತ ಬಂದಿದ್ದರೆ ಸುಮಾರು 640 ಕಥೆಗಳು ‘ಪರಿಪೂರ್ಣ’ವೆನಿಸಿಕೊಳ್ಳುತ್ತವೆ. ಅವುಗಳಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ ಎಂಬುದನ್ನು ಮರೆಯಬೇಡಿ; ಎಲ್ಲ ಕಥೆಗಳೂ ಸಮಾನ ಎಂದೇ ನಾವು ಹೊರಟದ್ದು. ಇನ್ನು 50 ಮಂದಿ ನೋಡಿದ ಕಥೆಗೆ ಐವತ್ತೂ ಜನ 5 ಕೊಡುವ ಸಂಭವನೀಯತೆ? 0.4ನ್ನು ಐವತ್ತು ಸಲ ಗುಣಿಸಿ ನೋಡಿ. ಅದು ಸೊನ್ನೆಯೇ ಎನ್ನುವಷ್ಟು ಚಿಕ್ಕದು. ಆದ್ದರಿಂದ ಬರಿಯ ಸರಾಸರಿಯ ಪ್ರಕಾರ ಜೋಡಿಸಿದ ಪಟ್ಟಿಯ ತಲೆಯಲ್ಲಿ ಕಡಿಮೆ ಜನ ನೋಡಿದ ಕಥೆಗಳೇ ತುಂಬಿಕೊಳ್ಳುತ್ತವೆ. ಪಟ್ಟಿಯ ತಳಕ್ಕೂ ಇದೇ ಮಾತು ಅನ್ವಯಿಸುತ್ತದೆ: ಅತಿ ಕಳಪೆ ಎನಿಸಿಕೊಂಡವುಗಳಲ್ಲಿ ಬಹುಪಾಲು ಒಬ್ಬಿಬ್ಬರ ಸಿಟ್ಟಿಗೆ ಬಲಿಯಾದವು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ನಿಯಮವಿದೆ. ಸರಾಸರಿಯಲ್ಲಿನ ಅನಿಶ್ಚಿತತೆ ಮತಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಮತಗಳ ಮಾನಕ ವಿಚಲನೆ 1 ನಕ್ಷತ್ರವಾಗಿದ್ದರೆ, 4 ಮತಗಳ ಸರಾಸರಿಯಲ್ಲಿ ಸುಮಾರು 0.5ರಷ್ಟು ಅಲುಗಾಟ, 100 ಮತಗಳಿದ್ದರೆ 0.1 ಮಾತ್ರ. ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಬೇಕಾದರೆ ಮತಗಳನ್ನು ನಾಲ್ಕು ಪಟ್ಟು ಮಾಡಬೇಕು. ಲೋಲಕದ ಆಂದೋಲನ ಕಾಲವನ್ನು ಹಲವು ಸಲ ಅಳೆದು ಸರಾಸರಿ ತೆಗೆಯಿರಿ ಎಂದು ಪ್ರಯೋಗಶಾಲೆಯಲ್ಲಿ ಹೇಳುವುದು ಇದೇ ಕಾರಣಕ್ಕೆ.

ಪರಿಹಾರವೇನು? ಪ್ರತಿ ಕಥೆಗೂ ಆರಂಭದಲ್ಲೇ ಕೆಲವು ಕಾಲ್ಪನಿಕ ಮತಗಳನ್ನು ಕೊಟ್ಟುಬಿಡುವುದು ಒಂದು ಉಪಾಯ. ಇಡೀ ಸಂಗ್ರಹದ ಸರಾಸರಿ 3.5 ಇದೆ ಎನ್ನಿ. ಪ್ರತಿಯೊಂದಕ್ಕೂ 3.5ರಂತೆ 10 ಮತಗಳನ್ನು, ಅಂದರೆ 35 ನಕ್ಷತ್ರಗಳನ್ನು ಸೇರಿಸೋಣ. ಮೊದಲ ಕಥೆ: (15 + 35) ÷ 13 = 3.85. ಎರಡನೆಯದು: (528 + 35) ÷ 130 = 4.33. ಈಗ 120 ಮಂದಿ ಮೆಚ್ಚಿದ ಕಥೆ ಮೇಲೆ ಬಂತು, ನೋಡಿ. ಮೂವರು ಮೆಚ್ಚಿದ ಕಥೆಯನ್ನು ನಾವು ಕೆಟ್ಟದ್ದೆಂದು ತಳ್ಳಲಿಲ್ಲ. ‘ಇನ್ನೂ ಸಾಕ್ಷ್ಯ ಸಾಲದು’ ಎಂದೆವು, ಅಷ್ಟೇ. ಸಾಕ್ಷ್ಯ ಹೆಚ್ಚಿದಂತೆ ಕಾಲ್ಪನಿಕ ಮತಗಳ ಪ್ರಭಾವ ತಾನಾಗಿ ಕರಗುತ್ತದೆ. ಚಲನಚಿತ್ರಗಳ ಮಾಹಿತಿಕೋಶ ಐಎಂಡಿಬಿ ತನ್ನ 250 ಶ್ರೇಷ್ಠ ಚಿತ್ರಗಳ ಪಟ್ಟಿಗೆಂದು ಪ್ರಕಟಿಸಿದ್ದ ಸೂತ್ರವೂ ಇದೇ ಬಗೆಯದು.

ಕಿಡಿಗೇಡಿಗಳಿಂದ ರಕ್ಷಣೆಯೂ ಇದರಿಂದ ದೊರೆಯುತ್ತದೆ. ಮೊದಲ ಕಥೆಗೆ ಯಾರೋ ಒಬ್ಬರು 1 ನಕ್ಷತ್ರ ಕೊಟ್ಟರೆ ಬರಿಯ ಸರಾಸರಿ 5ರಿಂದ 4ಕ್ಕೆ ಜಾರುತ್ತದೆ. ತಿದ್ದಿದ ಲೆಕ್ಕದಲ್ಲಿ 3.85ರಿಂದ 3.64ಕ್ಕೆ ಮಾತ್ರ. ತಮ್ಮ ಕಥೆಯನ್ನು ಮೇಲೇರಿಸಲು ಪಕ್ಕದ ಕಥೆಗೆ 1 ನಕ್ಷತ್ರ ಹಾಕುವವರಿದ್ದಾರೆ ಎಂಬ ದೂರು ಈ ಆಟದ ಲೇಖಕರಲ್ಲಿ ಸಾಮಾನ್ಯವಾಗಿತ್ತು.

ಇನ್ನೊಂದು ವಿಧಾನವೂ ಉಂಟು. ‘ಇಷ್ಟ’ ಅಥವಾ ‘ಇಷ್ಟವಿಲ್ಲ’ ಎಂಬ ಎರಡೇ ಉತ್ತರಗಳಿದ್ದಾಗ, ನಿಜವಾದ ಮೆಚ್ಚುಗೆಯ ಪ್ರಮಾಣ ಕನಿಷ್ಠ ಎಷ್ಟಿರಬಹುದು ಎಂಬುದನ್ನು ಅಂದಾಜಿಸುವ ಸೂತ್ರವನ್ನು ಅಮೆರಿಕದ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟರು. ಶೇಕಡಾ 95ರ ಭರವಸೆಯಲ್ಲಿ ಲೆಕ್ಕ ಹಾಕಿದರೆ, ಮೂವರಲ್ಲಿ ಮೂವರು ಮೆಚ್ಚಿದ್ದಕ್ಕೆ ಕೆಳಮಿತಿ 0.44; ನೂರರಲ್ಲಿ 90 ಮಂದಿ ಮೆಚ್ಚಿದ್ದಕ್ಕೆ 0.83. ಐದು ನಕ್ಷತ್ರಗಳ ಬದಲು ಎರಡೇ ಉತ್ತರ ಸಾಕೇ ಎಂದು ನೀವು ಕೇಳಬಹುದು. ತನ್ನ ವೀಕ್ಷಕರು ಬಹುಪಾಲು 5 ನಕ್ಷತ್ರವನ್ನೇ ಒತ್ತುತ್ತಾರೆಂದು ಯೂಟ್ಯೂಬ್ 2009ರಲ್ಲಿ ತಿಳಿಸಿತು. 2010ರಲ್ಲಿ ನಕ್ಷತ್ರಗಳನ್ನು ಬಿಟ್ಟು ಹೆಬ್ಬೆರಳಿನ ಗುರುತಿಗೆ ಬಂತು. ನಡುವಿನ 2, 3, 4ನ್ನು ಯಾರೂ ಬಳಸದಿದ್ದರೆ ಅಳತೆಪಟ್ಟಿಯ ಮೇಲೆ ಆ ಗೆರೆಗಳಿದ್ದೂ ಏನು ಫಲ?

ನಿಮ್ಮ ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು. ಒಂದೇ ಪ್ರಬಂಧಕ್ಕೆ ನಲವತ್ತು ವಿದ್ಯಾರ್ಥಿಗಳು ಚೀಟಿಯಲ್ಲಿ ಗುಟ್ಟಾಗಿ 1ರಿಂದ 5ರವರೆಗೆ ಅಂಕ ಬರೆಯಲಿ. ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕಲಸಿ, ಮೂರನ್ನು ತೆಗೆದು ಸರಾಸರಿ ನೋಡಿ ಮತ್ತೆ ಹಾಕಿ. ಹೀಗೆ ಇಪ್ಪತ್ತು ಸಲ ಮಾಡಿ. ಅನಂತರ ಹದಿನೈದರಂತೆ ತೆಗೆದು ಇಪ್ಪತ್ತು ಸಲ ಮಾಡಿ. ಎರಡರ ಏರಿಳಿತವನ್ನೂ ನಕ್ಷೆಯಲ್ಲಿ ಗುರುತಿಸಿದರೆ ವರ್ಗಮೂಲದ ನಿಯಮ ಕಣ್ಣಿಗೇ ಕಾಣುತ್ತದೆ.

ಮುಂದಿದ್ದವರ ಹಿಂದೆ ಎಲ್ಲರೂ

ಲೆಕ್ಕವನ್ನು ಇಷ್ಟು ತಿದ್ದಿದರೂ ಒಂದು ತೊಡಕು ಉಳಿಯುತ್ತದೆ. ಮತಗಳು ಪರಸ್ಪರ ಸ್ವತಂತ್ರ ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಮೊದಲ ಪುಟದಲ್ಲಿದ್ದುದನ್ನೇ ಜನ ಆಡುತ್ತಾರೆ, ಅದಕ್ಕೇ ಮತ್ತಷ್ಟು ಮತ ಬೀಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. 14,000ಕ್ಕೂ ಹೆಚ್ಚು ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಒಂದು ಗುಂಪಿಗೆ ಬೇರೆಯವರ ಆಯ್ಕೆ ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ‘ಲೋಕ’ಗಳಾಗಿ ವಿಂಗಡಿಸಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆಂದು ತೋರಿಸಿದರು. ಒಂದು ಲೋಕದಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಗೆಲ್ಲಲೇಬೇಕೆಂದೇನೂ ಇರಲಿಲ್ಲ. ಅತ್ಯುತ್ತಮ ಹಾಡು ಪೂರ್ತಿ ಸೋಲುವುದು, ತೀರ ಕಳಪೆ ಹಾಡು ಗೆಲ್ಲುವುದು ಅಪರೂಪವಾಗಿತ್ತು. ನಡುವಿನವುಗಳ ಪಾಡು ಮಾತ್ರ ಅದೃಷ್ಟಕ್ಕೆ ಬಿಟ್ಟದ್ದು. ಹವ್ಯಾಸಿಗಳ ಕಥೆಗಳಲ್ಲಿ ಹೆಚ್ಚಿನವು ಈ ನಡುವಿನವೇ ಅಲ್ಲವೇ?

ಬಹುಮಾನ ಮಾಡಿದ ಅವಾಂತರ

ಈ ಕಥೆಗಳನ್ನು ಆಡಿದವರಿಗೆ ಅನುಭವಾಂಕಗಳ ಜೊತೆಗೆ ‘ಟಿಕೆಟ್’ಗಳು ಸಿಗುತ್ತಿದ್ದವು, ಅವನ್ನು ಕೊಟ್ಟು ಆಟದೊಳಗಿನ ವಸ್ತುಗಳನ್ನು ಕೊಳ್ಳಬಹುದಿತ್ತು. ಬಂದ ನಕ್ಷತ್ರಗಳಿಗೆ ತಕ್ಕಂತೆ ಲೇಖಕನಿಗೂ ಕೆಲವು ಟಿಕೆಟ್. ಪರಿಣಾಮ ಊಹಿಸಬಲ್ಲಿರಿ. ಕಡಿಮೆ ಅಪಾಯಕ್ಕೆ ಹೆಚ್ಚು ಅಂಕ ಕೊಡುವ ಶತ್ರುಗಳನ್ನು ಹುಡುಕಿ, ಅವರನ್ನೇ ಸಾಲುಸಾಲಾಗಿ ನಿಲ್ಲಿಸಿದ ‘ಕಥೆ’ಗಳು ಹುಟ್ಟಿದವು. ಕಥೆಯೆಂಬುದು ಅಲ್ಲಿ ಎರಡು ಸಾಲು. ಆಟಗಾರರ ಭಾಷೆಯಲ್ಲಿ ಇದಕ್ಕೆ ‘ಫಾರ್ಮ್’ ಎಂದು ಹೆಸರು: ಬಿತ್ತುವುದು, ಕೊಯ್ಯುವುದು, ಮತ್ತೆ ಬಿತ್ತುವುದು. ಹೊಸದಾಗಿ ಬಂದವರು ಆ ಕಥೆಗಳು ದೊರೆಯುವ ಕಟ್ಟಡದಿಂದ ನಗರಕ್ಕೆ ಕಾಲಿಡದೆಯೇ ಅತ್ಯುಚ್ಚ ಹಂತವಾದ 50ನ್ನು ಮುಟ್ಟತೊಡಗಿದರು. ಸುಲಭವಾಗಿ ಅಂಕ ಸಿಕ್ಕಿದ ಸಂತೋಷಕ್ಕೆ 5 ನಕ್ಷತ್ರವನ್ನೂ ಕೊಟ್ಟರು. 2009ರ ಮೇ ತಿಂಗಳಲ್ಲಿ ನಿರ್ಮಾಪಕರು ಎಚ್ಚರಿಕೆ ಕೊಟ್ಟು, ಲೋಪಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ಒಂದನ್ನು ಮುಚ್ಚಿದರೆ ಆಟಗಾರರು ಇನ್ನೊಂದನ್ನು ಕಂಡುಹಿಡಿಯುತ್ತಿದ್ದರು.

ಅಳತೆಯೊಂದನ್ನು ನಿಯಂತ್ರಣಕ್ಕೆ ಬಳಸಲು ಹೊರಟರೆ ಅದು ಅಳತೆಯಾಗಿ ಕೆಡುತ್ತದೆ ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯನ್ನು ಕುರಿತು ಹೇಳಿದ್ದರು. ಶೇಕಡಾವಾರು ಫಲಿತಾಂಶದ ಮೇಲೆಯೇ ಶಾಲೆಯನ್ನು ಅಳೆಯುವುದನ್ನು ಕಂಡ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಳಿತು ಆಡಿ ನೋಡಿದವರು

ಹಾಗಾದರೆ ಒಳ್ಳೆಯ ಕಥೆ ಸಿಗುವುದು ಹೇಗೆ? ನಿರ್ಮಾಪಕರೇ ಕೆಲವನ್ನು ‘ಡೆವ್ ಚಾಯ್ಸ್’ ಎಂದು ಆರಿಸಿ ಗುರುತಿಸುತ್ತಿದ್ದರು. ಆದರೆ ಅವರ ಕೈಗೆ ಎಟುಕಿದ್ದು ಕೆಲವೇ. ನನ್ನ ದೃಷ್ಟಿಯಲ್ಲಿ ಹೆಚ್ಚು ಉಪಯುಕ್ತ ಕೆಲಸ ಮಾಡಿದವರು ತಾವಾಗಿಯೇ ವಿಮರ್ಶೆಗೆ ನಿಂತ ಆಟಗಾರರು. ಲೇಖಕರು ಕೇಳಿಕೊಂಡರೆ ಅವರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಆಡಿ, ಎಲ್ಲಿ ಹಿಡಿಸಿತು, ಎಲ್ಲಿ ಮುಗ್ಗರಿಸಿತು ಎಂದು ವಿವರವಾಗಿ ಬರೆಯುತ್ತಿದ್ದರು.

ಇಂಥ ವಿಮರ್ಶೆಯಲ್ಲಿ ವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕಾದ್ದು ಚರಾಂಶಗಳನ್ನು ಬೇರ್ಪಡಿಸುವ ಕ್ರಮವನ್ನು. ಈ ಆಟದಲ್ಲಿ ವೀರರು ಹಲವು ಬಗೆ. ‘ಬ್ಲಾಸ್ಟರ್’ ದೂರದಿಂದ ಹೊಡೆಯಬಲ್ಲ, ಪೆಟ್ಟು ತಾಳಲಾರ; ‘ಟ್ಯಾಂಕರ್’ ಪೆಟ್ಟು ತಾಳಬಲ್ಲ; ‘ಡಿಫೆಂಡರ್’ ಜೊತೆಯವರಿಗೆ ನೆರವಾಗುವವನು. ಲೇಖಕ ತನ್ನ ಟ್ಯಾಂಕರ್‌ನಿಂದ ಮಾತ್ರ ಪರೀಕ್ಷಿಸಿ ‘ಹದವಾಗಿದೆ’ ಎಂದುಕೊಂಡ ಖಳನ ಕೈಯಲ್ಲಿ ಒಂಟಿ ಡಿಫೆಂಡರ್ ಹತ್ತು ಸಲ ಸೋಲಬಹುದು. ಸ್ವಂತವಾಗಿ ರೂಪಿಸಿದ ಶತ್ರುಗಳಿಗೆ ಶಕ್ತಿಗಳನ್ನು ತೀವ್ರ ಮಟ್ಟಕ್ಕೆ ಏರಿಸುವ ಅವಕಾಶವಿದ್ದುದರಿಂದ ಇದು ಮತ್ತೆ ಮತ್ತೆ ಆಗುತ್ತಿತ್ತು. ಸೋತು ಬೇಸತ್ತವನು 2 ನಕ್ಷತ್ರ ಕೊಟ್ಟರೆ, ಆ 2 ಯಾವುದಕ್ಕೆ? ಕಥೆಗೋ, ಶತ್ರುವಿನ ಬಲಕ್ಕೋ, ಅವನು ಆರಿಸಿಕೊಂಡ ವೀರನಿಗೋ? ಸಂಖ್ಯೆ ಉತ್ತರ ಕೊಡುವುದಿಲ್ಲ. ಒಂದೇ ಕಥೆಯನ್ನು ಎರಡು ಬಗೆಯ ವೀರರಿಂದ ಆಡಿದ ವಿಮರ್ಶಕನಿಗೆ ಉತ್ತರ ಸಿಗುತ್ತದೆ. ಕಥೆ ಬದಲಾಗಿಲ್ಲ, ವೀರ ಬದಲಾದ ಎಂಬುದು ಅವನಿಗೆ ಗೊತ್ತು.

ಒಳ್ಳೆಯ ವಿಮರ್ಶೆ ಸಣ್ಣ ವಿಷಯಗಳನ್ನೂ ಬಿಡುತ್ತಿರಲಿಲ್ಲ. ಒತ್ತೆಯಾಳನ್ನು ಬಿಡಿಸಿದ ಮೇಲೂ ಕಾವಲುಗಾರರು ‘ಇವನನ್ನು ಬಿಡಬೇಡಿ’ ಎನ್ನುತ್ತಿದ್ದಾರೆಯೇ? ಮೂರನೆಯ ಮಿಷನ್‌ನಲ್ಲಿ ಸಿಗುವ ಸುಳಿವು ಎರಡನೆಯದರಲ್ಲೇ ಗುಟ್ಟು ಬಿಟ್ಟುಕೊಟ್ಟಿದೆಯೇ? ಎಲ್ಲ ಸಾಹಸವನ್ನೂ ಲೇಖಕನ ಮೆಚ್ಚಿನ ಪಾತ್ರವೇ ಮಾಡಿ, ಆಡುವವನು ಬರಿಯ ಪ್ರೇಕ್ಷಕನಾಗಿದ್ದಾನೆಯೇ? ಈ ಕೊನೆಯದು ಹವ್ಯಾಸಿ ಬರಹಗಾರರ ಹಳೆಯ ಚಾಳಿ. ಮುಖ್ಯವಾದ ಮಾತೆಂದರೆ ಲೇಖಕ ಇವನ್ನೆಲ್ಲ ತಿದ್ದಿ ಮತ್ತೆ ಪ್ರಕಟಿಸಬಹುದಿತ್ತು. ‘3 ನಕ್ಷತ್ರ’ವನ್ನು ನೋಡಿ ಏನು ತಿದ್ದಿಯಾನು?

ಒಬ್ಬನೇ ವಿಮರ್ಶಕನ ರುಚಿಯನ್ನೂ ಪೂರ್ತಿ ನಂಬುವಂತಿಲ್ಲ. ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ಮೌಲ್ಯಮಾಪನ ಮಾಡುವುದು, ಅಂತರ ಹೆಚ್ಚಾದರೆ ಮೂರನೆಯವರಿಗೆ ಕಳಿಸುವುದು ಇದಕ್ಕಾಗಿಯೇ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಿರುವುದು ಆ ವ್ಯವಸ್ಥೆಯ ಜೀವಾಳ. ಹಾಡುಗಳ ಪ್ರಯೋಗವನ್ನು ನೆನೆದರೆ ಕಾರಣ ತಿಳಿಯುತ್ತದೆ. ಹೊಸ ಕಥೆಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ ಮೊದಲ ಪುಟದಲ್ಲಿ ತೋರಿಸಿದರೆ ಅವಕ್ಕೂ ಸಾಕಷ್ಟು ಮತ ಬೀಳುವ ಅವಕಾಶ ದೊರೆಯುತ್ತದೆ. ಅದಕ್ಕೆ ಬೆಲೆಯುಂಟು: ಆಡುವವರಿಗೆ ಆಗಾಗ ಸಪ್ಪೆ ಕಥೆಗಳು ಎದುರಾಗುತ್ತವೆ.

2012ರ ನವೆಂಬರ್ 30ರಂದು ಎನ್‌ಸಿಸಾಫ್ಟ್ ಈ ಆಟದ ಸರ್ವರುಗಳನ್ನು ನಿಲ್ಲಿಸಿತು. ಕಥೆಯ ಕಡತಗಳನ್ನು ಲೇಖಕರು ತಮ್ಮ ಗಣಕದಲ್ಲಿ ಉಳಿಸಿಕೊಳ್ಳಬಹುದಾಗಿತ್ತು. ನಕ್ಷತ್ರಗಳು ಇದ್ದದ್ದು ಸರ್ವರಿನಲ್ಲಿ. 2019ರಲ್ಲಿ ಸರ್ವರ್ ತಂತ್ರಾಂಶ ಸಾರ್ವಜನಿಕರ ಕೈಸೇರಿ, ಅಭಿಮಾನಿಗಳು ಆಟವನ್ನು ಮತ್ತೆ ನಡೆಸತೊಡಗಿದರು. ಅವರಲ್ಲಿ ‘ಹೋಮ್‌ಕಮಿಂಗ್’ ತಂಡಕ್ಕೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್‌ನಿಂದ ಅಧಿಕೃತ ಪರವಾನಗಿಯೂ ದೊರೆಯಿತು. ಹಳೆಯ ಕಡತವನ್ನು ಜೋಪಾನವಾಗಿಟ್ಟಿದ್ದ ಲೇಖಕರು ತಮ್ಮ ಕಥೆಗಳನ್ನು ಮತ್ತೆ ಪ್ರಕಟಿಸಿದರು. ಮತಗಳ ಎಣಿಕೆ ಸೊನ್ನೆಯಿಂದ ಶುರುವಾಯಿತು.