ಎತ್ತರದ ಮೋಹವೂ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲೂ

ಬ್ಯಾಸ್ಕೆಟ್‌ಬಾಲ್ ಆಡಿದ ಹುಡುಗಿ ಎತ್ತರವಾಗುತ್ತಾಳೆಂಬ ಮಾತನ್ನು ಉಮರ್ಗಾ, ನಿಲಂಗಾ, ಉದಗೀರಗಳ ಈ ಗಡಿಸೀಮೆಯಲ್ಲಿ ಕನ್ನಡದಲ್ಲಿ, ಮರಾಠಿಯಲ್ಲಿ, ದಖನಿಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದು ಕಿವಿಗೆ ಬಿದ್ದಾಗ ನಗುವುದೋ ಸಿಡುಕುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುವ ಅಭ್ಯಾಸವಾಗಿಬಿಟ್ಟಿದೆ. ಹೇಳುವವರು ಓದುಬರಹ ಅರಿಯದವರಲ್ಲ. ಅಡತಿಯ ವ್ಯಾಪಾರಿ, ತಲಾಠಿ, ಶಾಲೆಯ ಮಾಸ್ತರರು, ಇಂಥವರೇ ಹೆಚ್ಚು. ವಿನೋದವೇನೆಂದರೆ, ಒಂದೇ ನಂಬಿಕೆಯಿಂದ ಇಬ್ಬರು ತಂದೆಯರು ಪರಸ್ಪರ ವಿರುದ್ಧವಾದ ನಿರ್ಣಯಗಳಿಗೆ ಬರುತ್ತಾರೆ. ಮಹಾರಾಷ್ಟ್ರದ ಪೊಲೀಸ್ ಭರತಿಗೆ ಹೆಂಗಸರಿಗೆ ವಿಧಿಸಿರುವ 155 ಸೆಂಟಿಮೀಟರಿಗೆ ತನ್ನ ಮಗಳು ಎರಡು ಬೆರಳು ಕಡಮೆ ಬೀಳುತ್ತಾಳೆಂದು ಒಬ್ಬಾತ ಆಕೆಯನ್ನು ಅಂಕಣಕ್ಕೆ ಅಟ್ಟುತ್ತಾನೆ. ಈಗಲೇ ಅಣ್ಣನ ಭುಜವನ್ನು ಮೀರಿ ನಿಂತಿರುವ ಮಗಳು ಇನ್ನೂ ಬೆಳೆದರೆ ವರ ಎಲ್ಲಿ ಸಿಕ್ಕಾನೆಂದು ಮತ್ತೊಬ್ಬಾತ ಆಕೆಯನ್ನು ಅಂಕಣದಿಂದ ಕರೆದೊಯ್ಯುತ್ತಾನೆ. ಹೀಗೆ ಮನಸ್ಸಿಲ್ಲದವಳು ಬರುತ್ತಾಳೆ, ಮನಸ್ಸಿದ್ದವಳು ಹೋಗುತ್ತಾಳೆ. ಈ ಆಟವನ್ನು ಬಹುಕಾಲದಿಂದ ಪ್ರೀತಿಯಿಂದ ನೋಡುತ್ತ ಬಂದ ನನ್ನಂಥವನಿಗೆ ಇದಕ್ಕಿಂತ ಸಂಕಟದ ವ್ಯಾಪಾರ ಬೇರೊಂದಿಲ್ಲ.

ದೇಹ ಎತ್ತರವಾಗುವುದು ಚೆಂಡಿನಿಂದಲ್ಲ, ನೀಳ ಅಸ್ಥಿಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರದಿಂದ. ಆ ಪದರ ಇರುವಷ್ಟು ಕಾಲ ಎಲುಬು ನೀಳವಾಗುತ್ತದೆ. ಅದು ಗಟ್ಟಿಯಾಗಿ ಎಲುಬಿನಲ್ಲಿ ಎಲುಬಾಗಿ ಬೆರೆತ ಮೇಲೆ ನೀಳವಾಗುವ ದಾರಿಯೇ ಮುಚ್ಚುತ್ತದೆ. ಹುಡುಗಿಯರಲ್ಲಿ ಆ ಮುಚ್ಚುವ ಕಾರ್ಯವನ್ನು ನಡೆಸುವುದು ಈಸ್ಟ್ರೊಜೆನ್ ಎಂಬ ರಸ. ಋತುಮತಿಯಾದ ಎರಡು ವರ್ಷಗಳೊಳಗಾಗಿ ಬೆಳವಣಿಗೆಯ ಬಹುಭಾಗ ಮುಗಿದಿರುತ್ತದೆ, ಹದಿನಾಲ್ಕು-ಹದಿನಾರರ ಸುಮಾರಿಗೆ ಆ ಲೆಕ್ಕ ಬಹುಮಟ್ಟಿಗೆ ಚುಕ್ತವಾಗಿರುತ್ತದೆ. ಹನ್ನೆರಡನೆಯ ಇಯತ್ತೆ ಮುಗಿಸಿ ಬಿ.ಎ. ಮೊದಲ ವರ್ಷಕ್ಕೆ ಬಂದವಳನ್ನು ಹಿಡಿದು ಇನ್ನು ಇವಳು ಬೆಳೆಯಲೆಂದು ನಿರೀಕ್ಷಿಸುವುದು ರಾಶಿ ಮುಗಿದ ಕಣದಲ್ಲಿ ಮಳೆಯ ದಾರಿ ಕಾಯುವುದೇ ಸರಿ. ಸಾಕಷ್ಟು ಉಂಡು ಬೆಳೆದ ಜನಸಮುದಾಯಗಳಲ್ಲಿ ಒಬ್ಬರ ಎತ್ತರಕ್ಕೂ ಇನ್ನೊಬ್ಬರ ಎತ್ತರಕ್ಕೂ ಇರುವ ಅಂತರದಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಆನುವಂಶಿಕವಾದದ್ದು. ಉಳಿದುದು ಬಾಲ್ಯದ ಅನ್ನ, ಬಾಲ್ಯದ ರೋಗ. ಪುಲ್-ಅಪ್ ಸಲಾಕೆಗೆ ಜೋತುಬೀಳುವುದರ ಪಾಲು ಅದರಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಆಡುವವರೆಲ್ಲ ಏಕೆ ಉದ್ದವಿದ್ದಾರೆ ಎಂದು ಕೇಳುವವರು ಕಾರ್ಯವನ್ನೂ ಕಾರಣವನ್ನೂ ಅದಲುಬದಲು ಮಾಡಿಕೊಂಡಿದ್ದಾರೆ. ಬುಟ್ಟಿ ನೆಲದಿಂದ ಹತ್ತು ಅಡಿ ಮೇಲಿದೆಯಾದ್ದರಿಂದ ಉದ್ದವಿದ್ದವರಿಗೆ ಅಲ್ಲಿ ಅನುಕೂಲ, ಅನುಕೂಲವಿದ್ದವರನ್ನು ಆಯ್ಕೆಗಾರರು ಇಟ್ಟುಕೊಳ್ಳುತ್ತಾರೆ, ಉಳಿದವರು ಮನೆಗೆ ಹೋಗುತ್ತಾರೆ. ಮನೆಗೆ ಹೋದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ವಾದದಿಂದಲೂ ಸಮಾಧಾನವಾಗದವರ ಮುಂದೆ ನಾನು ಅಮೆರಿಕೆಯ ಟೆನೆಸೀ ವಿಶ್ವವಿದ್ಯಾಲಯದ ತಂಡವನ್ನು ಇಡುತ್ತೇನೆ. ಪ್ಯಾಟ್ ಸಮಿಟ್ ಎಂಬ ಮಹಾಶಿಕ್ಷಕಿಯ ಕೈಕೆಳಗೆ 2007 ಮತ್ತು 2008ರಲ್ಲಿ ರಾಷ್ಟ್ರಪದವಿಯನ್ನು ಗೆದ್ದ ಆ ತಂಡದಲ್ಲಿ ಕ್ಯಾಂಡೇಸ್ ಪಾರ್ಕರ್ ಆರಡಿ ನಾಲ್ಕಂಗುಲದವಳು. ಆಕೆಯ ಸಂಗಡವೇ ಚೆಂಡನ್ನು ನಡೆಸುತ್ತಿದ್ದ ಶ್ಯಾನನ್ ಬಾಬಿಟ್ ಐದಡಿ ಎರಡಂಗುಲದವಳು. ಅದೇ ಅಂಕಣ, ಅದೇ ಶಿಕ್ಷಕಿ, ಅದೇ ಚೆಂಡು, ಅದೇ ಬುಟ್ಟಿ. ಆಟಕ್ಕೆ ಎತ್ತರ ದಯಪಾಲಿಸುವ ಶಕ್ತಿಯಿದ್ದರೆ ಬಾಬಿಟ್ಟಳ ವಿಷಯದಲ್ಲಿ ಅದೇಕೆ ಇಷ್ಟು ಕೃಪಣವಾಯಿತು?

ಆದರೂ ಜನ ಅಳತೆ ಪಟ್ಟಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ನಿಲಂಗಾ ಕಡೆಯ ಒಬ್ಬ ತಾಯಿ ಮಗಳ ಕೈಹಿಡಿದು ಅಂಕಣದ ಅಂಚಿಗೆ ಬಂದು, "ಕಾಕಾ, ಎರಡ ತಿಂಗಳದಾಗ ಪೂರಾ ಒಂದ ಸೆಂಟಿಮೀಟರ ಏರ್ಯಾಳ ನೋಡ್ರಿ" ಎಂದಳು. ಮೊದಲು ಅಳೆದದ್ದು ಯಾವಾಗ ಎಂದು ಕೇಳಿದೆ. "ಕಾಲೇಜಿಂದ ಬಂದ ಮ್ಯಾಲ, ಸಂಜೀಕ." ಈಗ? "ಇವತ್ತ ಮುಂಜಾನೆ, ಎದ್ದ ಕೂಡ್ಲೆ." ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳು ಹಗಲೆಲ್ಲ ದೇಹದ ಭಾರವನ್ನು ಹೊತ್ತು ಕುಗ್ಗಿ, ರಾತ್ರಿ ಮಲಗಿದಾಗ ನೀರನ್ನು ಹೀರಿ ಹಿಗ್ಗುವುದರಿಂದ, ಮುಂಜಾನೆಯ ಮನುಷ್ಯ ಸಂಜೆಯ ಮನುಷ್ಯನಿಗಿಂತ ಒಂದರಿಂದ ಎರಡು ಸೆಂಟಿಮೀಟರು ಉದ್ದವಿರುತ್ತಾನೆ, ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಕರು ನೂರಕ್ಕೆ ಮೂರರಷ್ಟು ಉದ್ದವಾಗಿ, ಭೂಮಿಗೆ ಮರಳಿದ ಮೇಲೆ ಮೊದಲಿನಂತಾಗುತ್ತಾರೆ. ಇದನ್ನೆಲ್ಲ ನಾನು ವಿವರಿಸುತ್ತಿದ್ದಷ್ಟು ಹೊತ್ತೂ ಆ ತಾಯಿ ತಾಳ್ಮೆಯಿಂದ ಕೇಳಿ, ಕೊನೆಗೆ, "ಅಂದ್ರ ಮುಂಜಾನೇನ ಅಳಿಬೇಕು ಅಂತೀರಿ" ಎಂದಳು. ಮಗಳು ಆ ವೇಳೆಗೆ ಚೆಂಡನ್ನು ಎತ್ತಿಕೊಂಡು ಹೋಗಿಯಾಗಿತ್ತು. ಎಡಗೈಯಿಂದಲೂ ಬಲಗೈಯಷ್ಟೇ ಸರಾಗವಾಗಿ ಡ್ರಿಬಲ್ ಮಾಡುತ್ತಿದ್ದಳು. ಅದನ್ನು ಅಳೆಯುವ ಪಟ್ಟಿ ಆ ಮನೆಯಲ್ಲಿರಲಿಲ್ಲ.

ಇಂಥ ನಂಬಿಕೆಗಳು ಕೇವಲ ಮಾತಾಗಿ ಉಳಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ; ಅವು ನಿಯಮಗಳಾಗಿ ನೆಲದ ಮೇಲೆ ಗೆರೆ ಎಳೆದುವೆಂಬುದಕ್ಕೆ ಹೆಣ್ಣುಮಕ್ಕಳ ಕಾಲೇಜು ಬ್ಯಾಸ್ಕೆಟ್‌ಬಾಲಿನ ಚರಿತ್ರೆಯೇ ಪ್ರಮಾಣ. ಗಂಡಸರ ಆಟವನ್ನು ಹೆಂಗಸರು ಮೊನ್ನೆ ಮೊನ್ನೆ ಅನುಕರಿಸತೊಡಗಿದರೆಂಬುದು ಇನ್ನೊಂದು ಮಿಥ್ಯೆ: ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟವನ್ನು ಕಲ್ಪಿಸಿದ್ದು 1891ರ ಡಿಸೆಂಬರಿನಲ್ಲಿ, ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸತೊಡಗಿದಳು, 1893ರ ಮಾರ್ಚಿನಲ್ಲಿ ಪಂದ್ಯವೂ ನಡೆಯಿತು. ಆದರೆ ಓಟದಿಂದ ಸ್ತ್ರೀದೇಹ ಕೆಡುವುದೆಂದೂ, ಸೆಣಸಾಟದಿಂದ ಸ್ತ್ರೀಮನಸ್ಸು ಒರಟಾಗುವುದೆಂದೂ ವೈದ್ಯರೇ ಉಪದೇಶಿಸುತ್ತಿದ್ದ ಕಾಲವಾದ್ದರಿಂದ, ಆಕೆ ಅಂಕಣವನ್ನು ಮೂರು ಭಾಗ ಮಾಡಿ, ತನ್ನ ಭಾಗದ ಗೆರೆಯನ್ನು ಯಾರೂ ದಾಟದಂತೆ, ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯದಂತೆ, ಮೂರು ಸಲಕ್ಕಿಂತ ಹೆಚ್ಚು ಪುಟಿಸದಂತೆ ಕಟ್ಟು ಹಾಕಿದಳು. ಮೂರು ಭಾಗ ಎರಡಾದದ್ದು 1938ರಲ್ಲಿ. ಐವರು ಹುಡುಗಿಯರು ಇಡೀ ಅಂಕಣದಲ್ಲಿ ಓಡುವ ಸ್ವಾತಂತ್ರ್ಯ ಅಮೆರಿಕೆಯ ಕಾಲೇಜುಗಳಲ್ಲಿ ಬಂದದ್ದು 1971ರಲ್ಲಿ. ಐಯೋವಾ ಪ್ರಾಂತದ ಪ್ರೌಢಶಾಲೆಗಳಲ್ಲಂತೂ ಅರ್ಧ ಅಂಕಣದ ಆರು ಮಂದಿಯ ಆಟ 1993ರವರೆಗೆ ಉಳಿದಿತ್ತು. ಪರಿಹಾಸ್ಯವೆಂದರೆ, 1953ರಲ್ಲಿ ಚಿಲಿ ದೇಶದಲ್ಲಿ ನಡೆದ ಮೊದಲ ಮಹಿಳಾ ವಿಶ್ವಪಂದ್ಯಾವಳಿಯಲ್ಲಿ ಅಂತರರಾಷ್ಟ್ರೀಯ ನಿಯಮದಂತೆ ಇಡೀ ಅಂಕಣದಲ್ಲಿ ಓಡಾಡಿ ಗೆದ್ದುಬಂದವರು ಅದೇ ಅಮೆರಿಕೆಯ ಹೆಣ್ಣುಮಕ್ಕಳು. ಅವರಾರೂ ಕುಸಿದು ಬೀಳಲಿಲ್ಲ. ಆದರೂ ಮನೆಯ ಗೆರೆಗಳು ಅಳಿಯಲು ಮತ್ತೆ ಹದಿನೆಂಟು ವರ್ಷ ಹಿಡಿಯಿತು.

ತದನಂತರದ ಬೆಳವಣಿಗೆಯಲ್ಲಿ ಶರೀರಶಾಸ್ತ್ರಕ್ಕಿಂತ ಕಾನೂನಿನ ಕೈ ದೊಡ್ಡದು. 1972ರಲ್ಲಿ ಅಮೆರಿಕೆಯಲ್ಲಿ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದ ಕೂಡದೆಂಬ ಶಾಸನವಾಯಿತು. 1982ರಲ್ಲಿ ಗಂಡಸರ ಪಂದ್ಯಾವಳಿ ನಡೆಸುತ್ತಿದ್ದ ಸಂಸ್ಥೆಯೇ ಹೆಂಗಸರದನ್ನೂ ಕೈಗೆತ್ತಿಕೊಂಡಿತು, ಮೊದಲ ಪದವಿ ಲೂಸಿಯಾನಾ ಟೆಕ್ ತಂಡಕ್ಕೆ ಹೋಯಿತು. 2024ರಲ್ಲಿ ಸೌತ್ ಕ್ಯಾರೊಲಿನಾ ತಂಡವು ಕೇಟ್ಲಿನ್ ಕ್ಲಾರ್ಕಳ ಐಯೋವಾ ತಂಡವನ್ನು 87–75ರಿಂದ ಸೋಲಿಸಿದ ಅಂತಿಮ ಪಂದ್ಯವನ್ನು ಅಲ್ಲಿ ಸುಮಾರು 1 ಕೋಟಿ 89 ಲಕ್ಷ ಜನ ನೋಡಿದರು, ಗಂಡಸರ ಅಂತಿಮ ಪಂದ್ಯವನ್ನು ನೋಡಿದ್ದು 1 ಕೋಟಿ 48 ಲಕ್ಷ. ಹೆಂಗಸರ ಆಟವನ್ನು ಯಾರು ನೋಡುತ್ತಾರೆ ಎಂಬ ಮೂರನೆಯ ಮಿಥ್ಯೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಡ. ಹೆಂಗಸರ ಚೆಂಡು ಗಂಡಸರ ಚೆಂಡಿಗಿಂತ ಸುತ್ತಳತೆಯಲ್ಲಿ ಒಂದಂಗುಲ ಕಿರಿದಾಗಿರುವುದು ಆಟ ಕೀಳೆಂಬ ಕಾರಣದಿಂದಲ್ಲ, ಕೈ ಕಿರಿದೆಂಬ ಕಾರಣದಿಂದ. ಆಡಿದವಳಿಗೆ ಮುಂದೆ ಮಕ್ಕಳಾಗುವುದಿಲ್ಲವೆನ್ನುವವರಿಗೆ, ಮೇಲೆ ಹೇಳಿದ ಪಾರ್ಕರ್ 2009ರ ಮೇ ತಿಂಗಳಲ್ಲಿ ಹೆತ್ತು ಅದೇ ಋತುವಿನಲ್ಲಿ ಅಂಕಣಕ್ಕೆ ಮರಳಿದಳೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ನಮ್ಮ ಸೀಮೆಗೆ ಬಂದರೆ, 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು ಆಮೇಲೆ ಗಡಿಯಾಚೆಗೆ ಸೇರಿದ ಉದಗೀರ, ನಿಲಂಗಾಗಳಲ್ಲಿ ಹೆಣ್ಣುಮಕ್ಕಳ ಆಟವೆಂದರೆ ಖೋ ಖೋ, ಕಬಡ್ಡಿ. ಉಮರ್ಗಾದ ಜಿಲ್ಲೆ ಧಾರಾಶಿವದ ಸಾರಿಕಾ ಕಾಳೆ ಭಾರತ ಖೋ ಖೋ ತಂಡದ ನಾಯಕಿಯಾಗಿ 2016ರ ದಕ್ಷಿಣ ಏಷ್ಯಾ ಕ್ರೀಡೆಗಳಲ್ಲಿ ಸ್ವರ್ಣ ಗೆದ್ದು, 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ಆಕೆಯ ಎತ್ತರವನ್ನು ಯಾರೂ ಕೇಳಲಿಲ್ಲ. ಬ್ಯಾಸ್ಕೆಟ್‌ಬಾಲ್ ಇಲ್ಲಿ ಕಾಲೇಜಿನ ಆಟ, ಸಿಮೆಂಟಿನ ಅಂಕಣದ ಆಟ, 1994ರಲ್ಲಿ ನಾಂದೇಡದಲ್ಲಿ ಸ್ಥಾಪಿತವಾದ ಸ್ವಾಮಿ ರಾಮಾನಂದ ತೀರ್ಥ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳ ಆಟ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ, ಎರಡೇ ಅಂಕದ ಅಂತರದಿಂದ ಮಣಿಸಿ ಏಷ್ಯಾ ಕಪ್ಪಿನ ಮೇಲಿನ ವಿಭಾಗಕ್ಕೆ ಏರಿದಾಗ, ನಾನು ಅದನ್ನು ಹೇಳಲು ಹೋದ ಕಡೆಯಲ್ಲೆಲ್ಲ ಮರುಪ್ರಶ್ನೆ ಒಂದೇ: "ಅವರು ಎಷ್ಟ ಉದ್ದ ಅದಾರ್ರಿ?"

ಈ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಎತ್ತರ ಹೆಚ್ಚಿಸುವ ಪುಡಿ, ಗುಳಿಗೆ, ಪಾದರಕ್ಷೆಯೊಳಗಿಡುವ ಅಯಸ್ಕಾಂತದ ತುಂಡು, ಇವುಗಳ ಜಾಹೀರಾತು ಹಿಂದೆ ಬಸ್ ನಿಲ್ದಾಣದ ಗೋಡೆಯಲ್ಲಿತ್ತು, ಈಗ ಪ್ರತಿಯೊಬ್ಬರ ಅಂಗೈಯಲ್ಲಿದೆ. ಯಾವ ಔಷಧಿಯೂ ಸಾಧಿಸುತ್ತೇನೆಂದು ಹೇಳಿಕೊಳ್ಳಕೂಡದ ಸಂಗತಿಗಳ ಒಂದು ಪಟ್ಟಿಯೇ ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿದ್ದು, ಮಕ್ಕಳ ಹಾಗೂ ವಯಸ್ಕರ ಎತ್ತರ ಹೆಚ್ಚಿಸುವುದೂ ಅದರಲ್ಲಿ ಸೇರಿದೆಯೆಂಬುದನ್ನು ಕೊಳ್ಳುವವರು ಅರಿಯರು. ಮಾರುವವರು ಅರಿತೂ ಅರಿಯರು. ಹನ್ನೊಂದರ ಹುಡುಗಿಗೆ ಪುಡಿ ಕುಡಿಸಿ ಆಕೆ ಹದಿಮೂರಕ್ಕೆ ನಾಲ್ಕಂಗುಲ ಬೆಳೆದರೆ, ಕುಡಿಸದೆಯೂ ಬೆಳೆಯುತ್ತಿದ್ದಳೆಂಬ ಯೋಚನೆ ಯಾರಿಗೂ ಬಾರದು. ಕಾಕತಾಳೀಯವನ್ನು ಕಾರ್ಯಕಾರಣವೆಂದು ಎಣಿಸುವ ಈ ಬುದ್ಧಿಯೇ ಗ್ರಹಣದ ದಿನ ಬಸುರಿಯನ್ನು ಕೋಣೆಯಲ್ಲಿ ಕೂಡಿಹಾಕುತ್ತದೆ, ಕೊಳವೆಬಾವಿಗೆ ತೆಂಗಿನಕಾಯಿ ಹಿಡಿದು ನೀರು ಹುಡುಕುತ್ತದೆ, ನೀರು ಬೀಳದಿದ್ದರೆ ಕಾಯಿಯನ್ನು ಬಿಟ್ಟು ಭೂಮಿಯನ್ನು ಬಯ್ಯುತ್ತದೆ.

ನನ್ನ ಸಿಟ್ಟಿಗೆ ಮುಖ್ಯ ಕಾರಣ ಬೇರೆಯೇ ಇದೆ. ಕಲ್ಪಿತ ಲಾಭಕ್ಕೂ ಕಲ್ಪಿತ ಭಯಕ್ಕೂ ಇಷ್ಟೊಂದು ಗಮನ ಕೊಟ್ಟ ಜನಕ್ಕೆ ನಿಜವಾದ ಅಪಾಯದತ್ತ ನೋಡಲು ಪುರುಸೊತ್ತಿಲ್ಲ. ಓಡುತ್ತಿದ್ದವಳು ಥಟ್ಟನೆ ನಿಂತು ತಿರುಗುವ, ಹಾರಿ ಒಂದೇ ಕಾಲಿನ ಮೇಲೆ ಇಳಿಯುವ ಈ ಆಟದಲ್ಲಿ ಮೊಣಕಾಲಿನೊಳಗಿನ ಅಡ್ಡ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಹಾರಿ ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದಂತೆ ಕಲಿಸುವ ಹದಿನೈದು-ಇಪ್ಪತ್ತು ನಿಮಿಷಗಳ ನಿತ್ಯದ ವ್ಯಾಯಾಮದಿಂದ ಅದು ಗಣನೀಯವಾಗಿ ತಗ್ಗುತ್ತದೆಂಬುದು ಸಿದ್ಧವಾದ ವಿಷಯ. ಇನ್ನೊಂದು ಅಪಾಯ ರಕ್ತದ್ದು: ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎರಡನೆಯ ಕ್ವಾರ್ಟರಿನಲ್ಲೇ ಏದುಸಿರು ಬಿಟ್ಟು ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಹುಡುಗಿಯನ್ನು ಕಂಡು, ಹೆಣ್ಣುದೇಹ ಇಷ್ಟೇ ಎಂದು ತೀರ್ಪು ಕೊಡುವ ಗೃಹಸ್ಥರು ಆಕೆಯ ಹಿಮೋಗ್ಲೋಬಿನ್ ಎಷ್ಟೆಂದು ಒಮ್ಮೆಯೂ ಕೇಳಿದವರಲ್ಲ. ಆ ಪರೀಕ್ಷೆ ಸರ್ಕಾರಿ ದವಾಖಾನೆಯಲ್ಲೇ ಆಗುತ್ತದೆ. ತಿಂಗಳು ತಿಂಗಳು ಎತ್ತರದ ಪುಡಿಗೆ ಸುರಿಯುವ ಹಣದಲ್ಲಿ ಸಿಮೆಂಟಿನ ನೆಲಕ್ಕೆ ತಡೆಯುವ ಒಂದು ಜೊತೆ ಬೂಟು, ದಿನಾ ಒಂದು ಹಿಡಿ ಶೇಂಗಾ, ಒಂದು ಉಂಡೆ ಬೆಲ್ಲ ಬಂದು, ಮೇಲೆ ಊರಿಂದ ಊರಿಗೆ ಪಂದ್ಯಕ್ಕೆ ಹೋಗಿಬರುವ ಎಸ್.ಟಿ. ಬಸ್ಸಿನ ಖರ್ಚಿಗೂ ಉಳಿಯುತ್ತದೆ.